ಓದದೆ ಹಾಕಿದ ಸಹಿ

ಗುರುವಾರ ಮಧ್ಯಾಹ್ನ
ಪ್ರೆಸ್ಸಿನ ಮೇಜಿನಿಂದ

ನನ್ನ ಜಗಳಗಂಟಿ ಗೆಳತಿಗೆ,

ಎರಡು ಬೀದಿ ಆಚೆ ಇರುವವಳಿಗೆ ಕಾಗದವೇ ಎಂದು ನಗಬೇಡ. ಎದುರು ಕೂತರೆ ನೀನು ಮಾತಾಡುತ್ತೀಯ, ನಾನು ತಲೆಯಾಡಿಸುತ್ತೇನೆ. ಕಾಲೇಜಿನಿಂದಲೂ ಹೀಗೇ ನಡೆದುಬಂದಿದೆ.

ಈ ವಾರ ತಿದ್ದಲು ನನ್ನ ಪಾಲಿಗೆ ಬಂದಿರುವ ಕರಡು ಒಂದು ಸಣ್ಣ ಪುಸ್ತಿಕೆಯದು. ಅಪರಾಧ ಕಾನೂನಿನಲ್ಲಿ ದಿನವೂ ಕೇಳುವ ಪದಗಳಿಗೆ ಜನಸಾಮಾನ್ಯರಿಗೆ ತಿಳಿಯುವಂತೆ ಅರ್ಥ ಕೊಟ್ಟಿದ್ದಾರೆ. ತಪ್ಪು ಮಾಡಿದ್ದಾನೆಂದು ಯಾರೋ ಹೇಳಿದರೆ ಅವನು ಆರೋಪಿ. ಅದು ರುಜುವಾತಾದ ಮೇಲಷ್ಟೇ ಅಪರಾಧಿ. ಕರೆದಾಗ ಬರುತ್ತೇನೆಂಬ ಭರವಸೆಯ ಮೇಲೆ ಸಿಗುವ ಬಿಡುಗಡೆ ಜಾಮೀನು. ಅಲ್ಲಿಯವರೆಗೆ ಪೆನ್ಸಿಲು ಸರಾಗವಾಗಿ ಓಡಿತು. ಆಮೇಲೆ ಮಹಜರು ಬಂತು. ಪೊಲೀಸರು ಸ್ಥಳದಲ್ಲಿ ಕಂಡದ್ದನ್ನು, ವಶಪಡಿಸಿಕೊಂಡದ್ದನ್ನು ಬರೆದಿಡುವ ಕಾಗದ. ಅದನ್ನೆಲ್ಲ ಕಣ್ಣಾರೆ ಕಂಡ ಇಬ್ಬರು, ಅಂದರೆ ಪಂಚರು, ಕೆಳಗೆ ಸಹಿ ಹಾಕಿರಬೇಕು.

ಕಣ್ಣಾರೆ. ಆ ಪದದ ಮೇಲೆ ಪೆನ್ಸಿಲು ನಿಂತುಬಿಟ್ಟಿತು ಕಣೇ.

ಐದು ತಿಂಗಳ ಹಿಂದೆ ನಿನ್ನಮ್ಮನ ಚಿನ್ನದ ಕೈಗಡಿಯಾರ ಕಾಣೆಯಾಯಿತು. ಪರದೆಗೆ ಅಳತೆ ತೆಗೆಯಲು ನಿನ್ನ ಮನೆಗೆ ಬಂದಿದ್ದ ದರ್ಜಿ ಟೇಪಣ್ಣನ ಮೇಲೆ ನೀನು ದೂರು ಕೊಟ್ಟೆ. ಸ್ನಾನಕ್ಕೂ ಆತ ಕೊರಳಿನ ಟೇಪು ತೆಗೆಯುವುದಿಲ್ಲವೇನೋ ಎಂದು ಆ ಹೆಸರಿಟ್ಟವಳೂ ನೀನೇ. ಮೆಟ್ಟಿಲ ಕೆಳಗಿನ ಅವನ ಅಂಗಡಿಯಲ್ಲಿ, ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಗಡಿಯಾರ ಸಿಕ್ಕಿತೆಂದು ಪೊಲೀಸರು ಹೇಳಿದರು. ನಾನು ಒಳಗೆ ಕಾಲಿಡಲೇ ಇಲ್ಲ. ಎದುರಿನ ಔಷಧಿ ಅಂಗಡಿಯಲ್ಲಿ ತಲೆನೋವಿನ ಮಾತ್ರೆಗೆ ನಿಂತಿದ್ದೆ. ನೀನೂ ಬೀದಿಯಲ್ಲೇ ಇದ್ದೆ. ಪೇದೆ ಕಾಗದ ಹಿಡಿದು ಹೊರಗೆ ಬಂದಾಗ, “ಒಂದು ಸೈನ್ ಹಾಕು ತಾಯಿ, ಅವರಿಗೂ ಹೊತ್ತಾಗ್ತಿದೆ, ನಿನ್ನನ್ನೇನು ಗಲ್ಲಿಗೆ ಹಾಕಲ್ಲ” ಎಂದು ನೀನು ನಕ್ಕೆ. ಒಂದು ಅಲ್ಪವಿರಾಮ ತಪ್ಪಿದ್ದರೂ ಪುಟಕ್ಕೆ ಸಹಿ ಹಾಕದ ನಾನು, ಅಂದು ಒಂದು ಸಾಲನ್ನೂ ಓದದೆ ಸಹಿ ಹಾಕಿದೆ.

ಅಂದಿನಿಂದ ಅವನು ಜೈಲಿನಲ್ಲಿದ್ದಾನೆ. ಜಾಮೀನಿಗೆ ನಿಲ್ಲುವವರು ಯಾರೂ ಸಿಗಲಿಲ್ಲವಂತೆ. ಆ ಸಹಿಯ ಸಲುವಾಗಿ ಸಾಕ್ಷಿ ಹೇಳಲು ನನಗೂ ಕೋರ್ಟಿನಿಂದ ಸಮನ್ಸ್ ಬಂತು.

ನಾನು ನೋಡಲಿಲ್ಲ ಎಂದ ಮಾತ್ರಕ್ಕೆ ಗಡಿಯಾರ ಅಲ್ಲಿರಲಿಲ್ಲ ಎಂದಾಗುವುದಿಲ್ಲ. ಅವನೇ ಕದ್ದಿರಬಹುದು. ಕದ್ದಿರದೆಯೂ ಇರಬಹುದು. ನೋಡಿದೆ ಎಂದರೆ ಸುಳ್ಳು ಸಾಕ್ಷಿ. ನೋಡಿಲ್ಲ ಎಂದರೆ ಪ್ರತಿಕೂಲ ಸಾಕ್ಷಿ: ಕರೆಸಿದ ಪಕ್ಷದ ವಿರುದ್ಧವೇ ತಿರುಗಿಬಿದ್ದವಳು ಎಂದು ಪುಸ್ತಿಕೆ ಹೇಳುತ್ತದೆ. ಒಂದೊಂದು ಪದವನ್ನೂ ರವಿಕೆಯಂತೆ ತೊಟ್ಟು ನೋಡಿದೆ. ಎಲ್ಲೋ ಬಿಗಿ, ಎಲ್ಲೋ ಸಡಿಲ. ತಡೆಯಲಾರದೆ ಪ್ರೆಸ್ಸಿನ ಯಜಮಾನರನ್ನು ಕೇಳಿದರೆ, “ನೀವು ಕಾಗುಣಿತ ನೋಡಿ ಮೇಡಂ, ಅರ್ಥದ ಉಸಾಬರಿ ವಕೀಲರಿಗಿರಲಿ” ಎಂದರು.

ಆ ಗಡಿಯಾರ ನಿನಗೆ ಏನೆಂದು ನನಗೆ ಗೊತ್ತು. ಆಸ್ಪತ್ರೆಯಲ್ಲಿ ಅಮ್ಮನ ಸೊರಗಿದ ಕೈಯಿಂದ ಅದು ಜಾರುತ್ತಿದ್ದಾಗ ಮತ್ತೆ ಮತ್ತೆ ಏರಿಸುತ್ತಿದ್ದವಳು ನೀನು.

ನನ್ನ ಸರದಿ ಮುಂದಿನ ವಾರ ಎಂದು ಮೊನ್ನೆ ಫೋನಿನಲ್ಲಿ ಹೇಳಿದ್ದೆನಲ್ಲ. ನೀನಾಗಿದ್ದರೆ ಏನು ಹೇಳುತ್ತಿದ್ದೆ? ಬೈಯಬೇಕೆನಿಸಿದರೆ ಬೈದೇ ಬರೆ.

ನಿನ್ನ
ಕಾಗುಣಿತ

ತಾ.ಕ.: ಮುಂದಿನ ವಾರ ಎಂದದ್ದು ಸುಳ್ಳು. ನಿನ್ನೆಯೇ ನನ್ನ ಸಾಕ್ಷಿ ಮುಗಿಯಿತು. ನೋಡಿಲ್ಲ, ಓದದೆ ಸಹಿ ಹಾಕಿದೆ ಎಂದುಬಿಟ್ಟೆ. ಸರ್ಕಾರಿ ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿ ಎಂದು ಕರೆದು, ಕಳ್ಳಿಯನ್ನು ಕೇಳುವಂತೆ ಪಾಟೀಸವಾಲು ಮಾಡಿದರು. ಹೊರಗೆ ಬಂದಾಗ ಟೇಪಣ್ಣನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. “ನೀವು ನೋಡಿಲ್ಲ ಅಂದ್ರಲ್ಲ ಅಕ್ಕ, ಹಾಗಾದ್ರೆ ನಮ್ಮ ಯಜಮಾನ್ರು ಕದ್ದಿಲ್ಲ ತಾನೇ?” ಎಂದು ಕೇಳಿದಳು. ಅವಳಿಗೂ ಗೊತ್ತಿಲ್ಲ ಕಣೇ.