ಗೇಟಿನ ಹೊರಗೆ ಮುದ್ದೆ

ಬಸವೇಶ್ವರನಗರ
ಭಾನುವಾರ, ೪ ಮೇ ೨೦೨೫

ಚಿರಂಜೀವಿ ಧ್ರುವನಿಗೆ ಅಕ್ಕ ತುಂಗಾಳ ಆಶೀರ್ವಾದಗಳು. ರಾಗಿಣಿಗೂ ತಿಳಿಸು.

ನಿನ್ನ ಮೆಸೇಜಿಗೆ ಇಷ್ಟು ದಿನ ಉತ್ತರ ಕೊಡಲಿಲ್ಲ, ಕ್ಷಮಿಸು. ಶಾಲೆಗೆ ರಜೆಯಿದ್ದರೂ ನನಗೆ ಬಿಡುವಿರಲಿಲ್ಲ. ಮುದ್ದೆಗೆ ಮೂರು ಹೊತ್ತೂ ಮಾತ್ರೆ. ಬಾಳೆಹಣ್ಣಿನಲ್ಲಿಟ್ಟು ಕೊಟ್ಟರೆ ಹಣ್ಣು ನುಂಗಿ ಮಾತ್ರೆಯನ್ನು ಉಗುಳುತ್ತಾಳೆ. ಆ ಮಾತ್ರೆಯನ್ನು ಜೀರಿಗೆ ತಿನ್ನಲು ಬರುತ್ತಾನೆ. ಅವನನ್ನು ಹಿಡಿದುಕೊಳ್ಳಲು ಅಪ್ಪ, ಇವಳ ಬಾಯಿ ತೆರೆಯಲು ನಾನು. ಎರಡು ನಾಯಿಗಳ ನಡುವೆ ಹೀಗೆ ದಿನ ಕಳೆಯುತ್ತಿದೆ.

ಒಂದೇ ಊರಿನಲ್ಲಿದ್ದುಕೊಂಡು, ಉಲ್ಲಾಳದಲ್ಲಿರುವ ತಮ್ಮನಿಗೆ ಬಸವೇಶ್ವರನಗರದಿಂದ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನೀನು ನಗಬಹುದು. ಫೋನಿನಲ್ಲಿ ಮಾತಾಡಿದರೆ ನಾನು ಕೂಗಾಡುತ್ತೇನೆ, ಕೂಗಾಡಿದರೆ ಅಪ್ಪನಿಗೆ ಕೇಳಿಸುತ್ತದೆ. ಅದಕ್ಕೇ ಕಾಗದ. ಕಾಗದದ ಮೇಲೂ ಕೂಗಾಡಿದ್ದೇನೆ ಎಂದು ಮುಂದೆ ಓದಿದರೆ ತಿಳಿಯುತ್ತದೆ.

ಆ ದಿನ ಏನಾಯಿತು ಎಂಬುದನ್ನು ನಿಮ್ಮ ಅಪಾರ್ಟ್‌ಮೆಂಟಿನವರು ನಿನಗೆ ಯಾವ ರೀತಿ ಹೇಳಿದ್ದಾರೋ ಗೊತ್ತಿಲ್ಲ. 'ಯಾರೋ ಆಂಟಿ ಗೇಟಿನ ಹತ್ರ ಗಲಾಟೆ ಮಾಡಿದ್ರು' ಎಂದಿರುತ್ತಾರೆ. ನಡೆದದ್ದನ್ನು ನಾನು ಹೇಳುತ್ತೇನೆ, ಕೇಳು.

ಏಪ್ರಿಲ್ ರಜೆ ಶುರುವಾಗುತ್ತಿದ್ದಂತೆ ಅಪ್ಪ ಭೂಪಟ ಬಿಚ್ಚಿ ಕೂತರು. ಭೂಗೋಳದ ಮೇಷ್ಟ್ರು ನಿವೃತ್ತರಾಗಿ ಇಪ್ಪತ್ತು ವರ್ಷವಾದರೂ ಈ ಚಟ ಬಿಟ್ಟಿಲ್ಲ. ಅಮ್ಮ ಇದ್ದಾಗ ಮುಂದಿನ ಸೀಟಿನಲ್ಲಿ ಅಮ್ಮ, ಫ್ಲಾಸ್ಕು, ಚಕ್ಕುಲಿ ಡಬ್ಬಿ, ಹಿಂದೆ ಮುದ್ದೆ. ಅಂತರಗಂಗೆಯ ಮೆಟ್ಟಿಲಲ್ಲಿ ಕೋತಿಗಳನ್ನು ಕಂಡು ಮುದ್ದೆ ಅಪ್ಪನ ಪಂಚೆಯ ಹಿಂದೆ ಅಡಗಿದ್ದು, ಪಂಚೆ ಬಿಚ್ಚಿಹೋಗಿ, ಅಮ್ಮ ನಕ್ಕು ನಕ್ಕು ಅಲ್ಲೇ ಕುಳಿತುಬಿಟ್ಟದ್ದು ನಿನಗೂ ನೆನಪಿರಬೇಕು. ಚಿತ್ರದುರ್ಗದ ಲಾಡ್ಜಿನವನು ನಾಯಿ ಬೇಡ ಎಂದಾಗ ಅಪ್ಪ, "ಸರಿ, ಹಾಗಾದ್ರೆ ನಾವೂ ಬೇಡ" ಎಂದು ಕೈಚೀಲ ಎತ್ತಿಕೊಂಡರು. ಅವನೇ ಹಿಂದೆ ಓಡಿಬಂದು ರೂಮು ಕೊಟ್ಟ. ಅಮ್ಮ ಹೋದಮೇಲೆ ಅಪ್ಪ ಒಂದು ವರ್ಷ ಭೂಪಟ ಮುಟ್ಟಿರಲಿಲ್ಲ. ಆಮೇಲೆ ಜೀರಿಗೆ ಬಂದ. ಅವನ ಮೈಮೇಲಿನ ಚುಕ್ಕೆ ನೋಡಿ ಹೆಸರಿಟ್ಟವರೂ ಅಪ್ಪನೇ. "ಇವನಿಗೆ ಇನ್ನೂ ಕಾವೇರಿ ತೋರಿಸಿಲ್ವಲ್ಲೇ" ಎಂದು ಈ ಸಲ ಹೊರಡಿಸಿದರು.

ತಲಕಾಡಿಗೆ ಹೋದೆವು. ಜೀರಿಗೆ ಹೊಳೆಯಲ್ಲಿ ಬಿದ್ದು ಹೊರಳಾಡಿ, ಯಾರದೋ ಟವೆಲ್ ಕದ್ದು ತಂದ. ಮುದ್ದೆ ದಡದ ಮರಳಿನಲ್ಲಿ ಅಪ್ಪನ ಕಾಲಿಗೆ ಒರಗಿ ಮಲಗಿದ್ದಳು. ಹದಿಮೂರು ವರ್ಷದ ಮುದುಕಿ, ಇನ್ನೇನು ಮಾಡಿಯಾಳು. ಎಲ್ಲ ಚೆನ್ನಾಗಿಯೇ ಇತ್ತು.

ವಾಪಸ್ ಬರುವಾಗ ಬಿಸಿಲು ಹೆಂಚು ಕಾದಂತೆ ಕಾದಿತ್ತು. ಬಿಡದಿ ದಾಟುವ ಹೊತ್ತಿಗೆ ಮುದ್ದೆಯ ಉಸಿರು ಸದ್ದು ಮಾಡತೊಡಗಿತು. ಹಿಂತಿರುಗಿ ನೋಡಿದರೆ ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿದೆ. ಗಾಡಿ ಬದಿಗೆ ಹಾಕಿ ನಮ್ಮ ಡಾಕ್ಟರ್ ಶುಭಾ ಅವರಿಗೆ ಫೋನ್ ಮಾಡಿದೆ. "ಮೇಡಂ, ಅವಳ ಹಾರ್ಟ್ ವೀಕ್ ಇದೆ ಅಂತ ಹೇಳಿದ್ದೆನಲ್ಲ. ಆ ಕಾದ ಗಾಡೀಲಿ ಇಲ್ಲೀವರೆಗೂ ತರಬೇಡಿ. ಹತ್ರ ಯಾರ್ದಾದ್ರೂ ಮನೆ ಇದ್ರೆ ಫ್ಯಾನ್ ಕೆಳಗೆ ಮಲಗಿಸಿ, ಒದ್ದೆ ಬಟ್ಟೆ ಹಾಕಿ, ನೀರು ಕುಡಿಸಿ. ಸ್ವಲ್ಪ ಸುಧಾರಿಸಿದ್ಮೇಲೆ ಕರ್ಕೊಂಡು ಬನ್ನಿ, ನಾನು ಕ್ಲಿನಿಕ್ಕಲ್ಲೇ ಇರ್ತೀನಿ" ಎಂದರು.

"ಹತ್ರ ಅಂದ್ರೆ ಧ್ರುವನ ಮನೆಯೇ ಅಲ್ವೇನೇ? ಉಲ್ಲಾಳಕ್ಕೆ ತಿರುಗಿಸು" ಎಂದರು ಅಪ್ಪ. ಆ ಮಾತು ಹೇಳುವಾಗ ಅವರ ಮುಖದಲ್ಲಿ ಎಂಥ ನಿರಾಳ ಇತ್ತು ಗೊತ್ತೇ? ಮನೆ ಮುಟ್ಟಿಯೇಬಿಟ್ಟೆವು ಎಂಬಂತೆ.

ಕೆಂಗೇರಿಯ ಟ್ರಾಫಿಕ್ಕಿನಲ್ಲಿ ತೆವಳಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ನಿಮ್ಮ ಗೇಟಿಗೆ ಇನ್ನು ಎರಡು ತಿರುವು ಇದೆ ಎನ್ನುವಾಗ ನಮ್ಮ ವ್ಯಾನಿನ ಕ್ಲಚ್ ವೈರ್ ಕಿತ್ತುಹೋಯಿತು. ಹಿಂದಿನಿಂದ ಹಾರ್ನೋ ಹಾರ್ನು. ಗಾಡಿಯಲ್ಲಿದ್ದ ಬೆಡ್‌ಶೀಟಿನ ಮೇಲೆ ಮುದ್ದೆಯನ್ನು ಮಲಗಿಸಿ, ಒಂದು ತುದಿ ನಾನು, ಇನ್ನೊಂದು ತುದಿ ಅಪ್ಪ ಹಿಡಿದು ನಡೆದೆವು. ಎಪ್ಪತ್ತೊಂಬತ್ತು ವರ್ಷದ ಮನುಷ್ಯ. ಜೀರಿಗೆಯ ಹಗ್ಗ ನನ್ನ ಸೊಂಟಕ್ಕೆ. ಒಬ್ಬ ಬೈಕಿನವನು ನಿಧಾನ ಮಾಡಿ ನಮ್ಮ ವಿಡಿಯೋ ತೆಗೆದುಕೊಂಡ. ಇಳಿದು ಕೈಹಚ್ಚಬೇಕು ಎಂದು ಅವನಿಗೆ ಅನ್ನಿಸಲಿಲ್ಲ.

ನಿಮ್ಮ ಗೇಟಿನ ವಾಚ್‌ಮನ್ ಕೆಟ್ಟವನಲ್ಲ. "ಮೇಡಂ, ನಾಯಿ ಒಳಗ್ ಬಿಡಂಗಿಲ್ಲ. ನನ್ ಕೆಲ್ಸ ಹೋಯ್ತದೆ" ಎಂದ. ನಾನು ನಿನ್ನ ಹೆಸರು ಹೇಳಿದೆ. ಅವನು ಇಂಟರ್‌ಕಾಮಿನಲ್ಲಿ ನಿಮ್ಮ ಮನೆಗೆ ರಿಂಗ್ ಮಾಡಿದ. ಎತ್ತಲಿಲ್ಲ. ನಾನು ಮೊಬೈಲಿಗೆ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ರಾಗಿಣಿಯದೂ ಹಾಗೇ. ನೀವಿಬ್ಬರೂ ಹೊಸೂರಿಗೆ ಹೋಗಿದ್ದಿರಿ, ಫೋನು ಸೈಲೆಂಟಿನಲ್ಲಿತ್ತು ಎಂದು ಮಾರನೆಯ ದಿನ ನಿನ್ನ ಮೆಸೇಜ್ ಬಂತಲ್ಲ. ನಮಗೆ ಆಗ ಅದು ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಪರವಾಗಿಲ್ಲ, ಕೆಳಗೆ ಪಾರ್ಕಿಂಗಿನ ನೆರಳಿನಲ್ಲಿ ಸ್ವಲ್ಪ ಹೊತ್ತು ಮಲಗಿಸುತ್ತೇವೆ, ಒಂದು ಬಕೆಟ್ ನೀರು ಕೊಡಪ್ಪ ಎಂದು ಕೇಳಿದೆ. ಅವನು ಪೇಂಟ್ ಡಬ್ಬದ ಮುಚ್ಚಳದಲ್ಲಿ ನೀರು ತರಲು ಎದ್ದ.

ಅಷ್ಟರಲ್ಲಿ ಬಂದರು ನಿಮ್ಮ ಸೆಕ್ರೆಟರಿ ಮಧ್ವೇಶ್. ಚಡ್ಡಿ, ವಾಕಿಂಗ್ ಶೂ, ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡಿದ್ದರು. ಅದನ್ನು ತೆಗೆಯದೆಯೇ ಮಾತಾಡಿದರು.

"ಅಂಕಲ್, ನೀವು ಬನ್ನಿ. ಕ್ಲಬ್‌ಹೌಸಲ್ಲಿ ಎಸಿ ಇದೆ, ಆರಾಮಾಗಿ ಕೂತ್ಕೊಳ್ಳಿ. ಡಾಗ್ಸ್ ಮಾತ್ರ ಬೇಡ. ವಿಸಿಟರ್ಸ್ ಡಾಗ್ಸ್ ನಾಟ್ ಅಲೋಡ್."

ಅಪ್ಪ ಬೆಡ್‌ಶೀಟಿನ ತುದಿ ಬಿಡದೆ ಹೇಳಿದರು: "ಇವಳು ವಿಸಿಟರ್ ಅಲ್ಲಪ್ಪ. ನಿಮ್ಮ ಮೂರನೇ ಮಹಡೀಲಿ ಧ್ರುವ ಇದಾನಲ್ಲ, ನನ್ನ ಮಗ, ಅವನು ಸಾಕಿದ್ದು ಇವಳನ್ನ. ಕಾಲೇಜಿಗೆ ಹೋಗ್ತಿದ್ದಾಗ ಕುರುಬರಹಳ್ಳಿ ಬಸ್ ಸ್ಟಾಪಿಂದ ಅಂಗಿಯೊಳಗೆ ಇಟ್ಕೊಂಡು ಬಂದಿದ್ದ. ಹಾಗೆ ನೋಡಿದ್ರೆ ವಿಸಿಟರ್ ನಾನು."

ಅದಕ್ಕೆ ಆ ಮನುಷ್ಯ ನಕ್ಕರು ಕಣೋ. "ಅಯ್ಯೋ ಅಂಕಲ್, ಧ್ರುವ ಅವ್ರೂ ಮೀಟಿಂಗಲ್ಲಿದ್ರಲ್ಲ. ಯುನಾನಿಮಸ್ ಆಗಿ ಪಾಸ್ ಆಗಿರೋ ರೂಲ್ ಇದು" ಎಂದರು. ಆಮೇಲೆ ವಾಚ್‌ಮನ್ ಕಡೆ ತಿರುಗಿ, "ನೀರು ಗೀರು ಇಡ್ಬೇಡಪ್ಪ ಇಲ್ಲಿ. ಒಂದ್ಸಲ ಇಟ್ರೆ ಬೀದಿನಾಯೆಲ್ಲ ಅಭ್ಯಾಸ ಮಾಡ್ಕೊಳ್ತವೆ" ಎಂದರು.

ಉಸಿರಿಗೆ ಒದ್ದಾಡುತ್ತಿರುವ ಜೀವಕ್ಕೆ ನೀರು ಬೇಡವಂತೆ! ನಾನು ಬಾಯಿ ಬಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಗಂಟಲು, ನಿಮ್ಮ ಏಳನೇ ಮಹಡಿಯವರೆಗೂ ಕೇಳಿಸಿರಬೇಕು. ನಿಮ್ಮ ಗೋಡೆಗೆ ಅಂಟಿಸಿರುವ ಬೋರ್ಡನ್ನೂ ಗಟ್ಟಿಯಾಗಿ ಓದಿ ಹೇಳಿದೆ: 'ಮನೆಗೆಲಸದವರು ಮತ್ತು ಸಾಕುಪ್ರಾಣಿಗಳು ಸರ್ವಿಸ್ ಲಿಫ್ಟ್ ಮಾತ್ರ ಬಳಸತಕ್ಕದ್ದು.' ನಿಮ್ಮ ಎಂಜಲು ತಟ್ಟೆ ತೊಳೆಯುವವರನ್ನು ಹೀಗೆ ಬರೆದು ನೇತುಹಾಕಿದ್ದೀರಲ್ಲ, ಓದು ಬರಹ ಕಲಿತದ್ದು ಇದಕ್ಕೇನು ಎಂದು ಕೇಳಿದೆ. ವಾಕಿಂಗ್ ಮಾಡುತ್ತಿದ್ದ ಹೆಂಗಸರು ನಿಂತು ನೋಡಿದರು, ಮತ್ತೆ ವಾಕಿಂಗ್ ಮಾಡಿದರು. ಮಧ್ವೇಶ್ ಅವರು, "ಆಂಟಿ, ಡೋಂಟ್ ಕ್ರಿಯೇಟ್ ಎ ಸೀನ್" ಎಂದು ಹೇಳಿ ಒಳಗೆ ಹೋದರು.

ನಾನು ಅವರಿಗಿಂತ ದೊಡ್ಡವಳೇನೂ ಅಲ್ಲ. ಆಂಟಿಯಂತೆ.

ಅಪ್ಪನಿಗೆ ಎಸಿ ಬೇಡವಾಯಿತು. ಗೇಟಿನ ಹೊರಗೆ ಚರಂಡಿಯ ಕಲ್ಲಿನ ಮೇಲೆ ಕೂತು, ಮುದ್ದೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಕರವಸ್ತ್ರಕ್ಕೆ ಸುರಿದು ಅವಳ ಹೊಟ್ಟೆ ಒರೆಸಿದರು. ನಾನು ರಸ್ತೆಗೆ ನಿಂತು ಆಟೋ ಕೂಗಿದೆ. ಬಂದವರೆಲ್ಲ ನಾಯಿ ನೋಡಿ ಮುಂದೆ ಹೋದರು. ಆಪಿನಲ್ಲಿ ಬುಕ್ ಮಾಡಿದರೆ ಹತ್ತಿರ ಬಂದು ಕ್ಯಾನ್ಸಲ್ ಮಾಡಿದರು. ಒಬ್ಬನಂತೂ, "ಸೀಟಿಗೆ ಕೂದಲು ಅಂಟ್ಕೊಳ್ತದೆ ಮೇಡಂ" ಎಂದ. ಅವನ ಸೀಟಿನಲ್ಲಿ ಸ್ಪಂಜೇ ಹೊರಗೆ ಬಂದಿತ್ತು.

ಆಗ ಅಪ್ಪ ಹೇಳಿದ ಮಾತು ಕೇಳು. "ಧ್ರುವ ಮನೇಲಿದ್ದಿದ್ರೆ ಇಷ್ಟೆಲ್ಲ ಆಗ್ತಿತ್ತೇನೇ? ಆ ಚಡ್ಡಿಯವನ ಗ್ರಹಚಾರ ಬಿಡಿಸ್ತಿದ್ದ."

ಕೊನೆಗೆ ನಿಂತದ್ದು ಒಂದು ಲಗೇಜ್ ಆಟೋ. ಮಾರ್ಕೆಟ್ಟಿಗೆ ಟೊಮೇಟೊ ಹಾಕಿ ಖಾಲಿ ಕ್ರೇಟು ತುಂಬಿಕೊಂಡು ಹೋಗುತ್ತಿದ್ದ ಮಾಗಡಿ ಕಡೆಯ ಬಸವಲಿಂಗಪ್ಪ ಅಂತೆ. ತಾನಾಗಿ ಇಳಿದು ಬಂದು, "ಏನಾಯ್ತು ಯಜಮಾನ್ರೇ?" ಎಂದು ಕೇಳಿದ. ಅಪ್ಪ ಎರಡು ಮಾತಿನಲ್ಲಿ ಹೇಳಿದರು. "ಅಯ್ಯ, ಎತ್ತಿ ಎತ್ತಿ, ಮಾತಾಡ್ತಾ ಕೂತ್ಕೊಂಡ್ರೆ ಆಯ್ತದಾ" ಎಂದು ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ ಜಾಗ ಮಾಡಿದ. ಅಪ್ಪ ಮುಂದೆ ಅವನ ಪಕ್ಕ. ನಾನು ಹಿಂದೆ, ಕ್ರೇಟುಗಳ ನಡುವೆ, ತೊಡೆಯ ಮೇಲೆ ಮುದ್ದೆ, ಹೆಗಲಿಗೆ ಆತುಕೊಂಡು ಜೀರಿಗೆ. ನಾಗರಬಾವಿ ರಿಂಗ್ ರೋಡಿನಲ್ಲಿ ಗಾಳಿ ಬೀಸಿದಾಗ ಮುದ್ದೆ ಮೂತಿ ಎತ್ತಿ ಗಾಳಿ ಕುಡಿದಳು. ಹೈಸ್ಕೂಲಿನ ಹೆಡ್ ಮಿಸ್ಸು ಟೊಮೇಟೊ ಕ್ರೇಟಿನ ಜೊತೆ ಹೋಗುವುದನ್ನು ವಿಜಯನಗರದ ಸಿಗ್ನಲ್ಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೋಡಿ, "ನಮಸ್ತೆ ಮಿಸ್" ಎಂದ. ನಾನೂ ನಮಸ್ತೆ ಎಂದೆ.

ಡಾಕ್ಟರ್ ಶುಭಾ ಕಾದಿದ್ದರು. ಆಕ್ಸಿಜನ್ ಇಟ್ಟರು, ಇಂಜೆಕ್ಷನ್ ಕೊಟ್ಟರು. "ಇನ್ನು ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು" ಎಂದರು. ಅಪ್ಪ ಅಲ್ಲಿಯವರೆಗೂ ಗಟ್ಟಿಯಾಗಿದ್ದವರು ಆ ಮಾತಿಗೆ ಬೆಂಚಿನ ಮೇಲೆ ಕೂತು ಅತ್ತರು. ಅಮ್ಮ ಹೋದಾಗ ಅತ್ತದ್ದನ್ನು ನಾನು ನೋಡಿರಲಿಲ್ಲ.

ಈಗ ಅವಳು ಪರವಾಗಿಲ್ಲ. ಮೆಟ್ಟಿಲು ಹತ್ತುವ ಹಾಗಿಲ್ಲ, ದೂರ ಪ್ರಯಾಣ ಇನ್ನಿಲ್ಲ. ನಿನ್ನೆ ಮೊಸರನ್ನ ಪೂರ್ತಿ ತಿಂದು ಜೀರಿಗೆಯ ತಟ್ಟೆಗೂ ಬಾಯಿ ಹಾಕಿದಳು. ಭೂಪಟ ಮಡಚಿ ಅಟ್ಟಕ್ಕೆ ಹೋಯಿತು. ಅಪ್ಪ ಸಂಜೆ ಅವಳನ್ನು ಪಾರ್ಕಿನವರೆಗೆ ನಿಧಾನವಾಗಿ ನಡೆಸಿಕೊಂಡು ಹೋಗಿ, ತಲಕಾಡಿನ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳುತ್ತಾರೆ. ನಿಮ್ಮ ಗೇಟಿನ ಕಥೆ ಮಾತ್ರ ಯಾರಿಗೂ ಹೇಳುವುದಿಲ್ಲ.

ಮುಂದಿನ ಭಾನುವಾರ ಸತ್ಯನಾರಾಯಣ ಪೂಜೆ ಇದೆ, ಬೆಳಿಗ್ಗೆಯೇ ಬನ್ನಿ ಎಂದು ರಾಗಿಣಿ ಕರೆದಿದ್ದಾಳೆ. ಅಪ್ಪನನ್ನು ಕೇಳಿದೆ. "ನಾಲ್ಕು ಜನ ಬರ್ತೀವಿ, ಮೇನ್ ಲಿಫ್ಟಲ್ಲೇ ಬರ್ತೀವಿ ಅಂತ ಬರಿ. ಆಗಲ್ಲ ಅಂದ್ರೆ ಪ್ರಸಾದ ಅವನೇ ಬಂದು ಕೊಟ್ಟು ಹೋಗಲಿ" ಎಂದರು. ನನ್ನ ಮಾತೂ ಅದೇ. ನಿನ್ನ ಕಮಿಟಿಯವರಿಗೆ ಈ ಕಾಗದ ತೋರಿಸಬೇಕೆನ್ನಿಸಿದರೆ ಧಾರಾಳವಾಗಿ ತೋರಿಸು. ಆ ಬೋರ್ಡು ಮೊದಲು ಕಿತ್ತುಹಾಕಿ ಎಂದು ಹೇಳು.

ಬಿಸಿಲು ಜಾಸ್ತಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ರಾಗಿಣಿಯ ಬೆನ್ನುನೋವು ಕಡಿಮೆಯಾಯಿತೇ? ಇಬ್ಬರೂ ನೂರು ಕಾಲ ಸುಖವಾಗಿರಿ.

ನಿನ್ನ ಅಕ್ಕ,
ತುಂಗಾ

ವಿ.ಸೂ.: ಮೇಲಿನದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಈಗ ಅವರು ನಾಯಿಗಳನ್ನು ಕರೆದುಕೊಂಡು ಪಾರ್ಕಿಗೆ ಹೋಗಿದ್ದಾರೆ. ಇಷ್ಟನ್ನು ನಿನಗೆ ಮಾತ್ರ ಬರೆಯುತ್ತಿದ್ದೇನೆ.

ನೀನು ಹೊಸೂರಿಗೆ ಹೋಗಿರಲಿಲ್ಲ.

ಬಸವಲಿಂಗಪ್ಪ ಕ್ರೇಟು ಪೇರಿಸುತ್ತಿದ್ದಾಗ, ಅಪ್ಪ ಮುಂದಿನ ಸೀಟಿಗೆ ಹತ್ತುತ್ತಿದ್ದಾಗ, ನಾನು ಮುದ್ದೆಯನ್ನು ಎತ್ತಲು ಬಗ್ಗಿದೆ. ಅಷ್ಟು ಹೊತ್ತು ಕಣ್ಣು ಮುಚ್ಚಿ ಬಿದ್ದಿದ್ದವಳು ತಲೆ ಎತ್ತಿ ಮೇಲೆ ನೋಡಿದಳು. ಬಾಲವನ್ನು ನೆಲಕ್ಕೆ ಬಡಿಯತೊಡಗಿದಳು. ಯಾರನ್ನು ಕಂಡಳು ಎಂದು ನಾನೂ ಮೇಲೆ ನೋಡಿದೆ. ಬಾಲ್ಕನಿಯಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ, ಫೋನ್ ಹಿಡಿದುಕೊಂಡು ನೀನು ನಿಂತಿದ್ದೆ. ನಾನು ನೋಡಿದೆ ಎಂದು ನಿನಗೆ ತಿಳಿಯಿತು. ಬಾಲ್ಕನಿಯ ದೀಪ ಆರಿತು.

ಕಮಿಟಿಯವರ ಮುಂದೆ ನಮ್ಮನ್ನು ಕಂಡು ನಾಚಿಕೆಯಾಯಿತೋ, ರಾಗಿಣಿ ಬೇಡವೆಂದಳೋ, ಮೀಟಿಂಗಿನಲ್ಲಿ ಕೈ ಎತ್ತಿದ್ದು ನೆನಪಾಯಿತೋ, ನನಗೆ ಗೊತ್ತಿಲ್ಲ. ಅವಳನ್ನು ಒಳಗೆ ಸೇರಿಸಲು ಆಗದಿದ್ದರೆ ಹೋಗಲಿ, ನೀನು ಕೆಳಗಿಳಿದು ಬಂದು ಗೇಟಿನ ಹೊರಗೆ ಅಪ್ಪನ ಪಕ್ಕ ಕೂತಿದ್ದರೆ ಸಾಕಾಗಿತ್ತು. ಅದನ್ನು ನಿಮ್ಮ ಯಾವ ರೂಲೂ ತಡೆಯುತ್ತಿರಲಿಲ್ಲ.

"ಬಾರೇ ಮುದ್ದೆ, ಅಲ್ಲಿ ಯಾರೂ ಇಲ್ಲ" ಎಂದು ಅವಳನ್ನು ಎತ್ತಿಕೊಂಡೆ. ಅವಳು ನಂಬಲಿಲ್ಲ. ಗಾಡಿ ತಿರುವು ದಾಟುವವರೆಗೂ ಆ ಕಡೆಗೇ ನೋಡುತ್ತಾ ಬಾಲ ಆಡಿಸುತ್ತಿದ್ದಳು.