ಬಿಡಲೊಲ್ಲದ ಕಾಲು

ಮಾರ್ಚ್ 2
ಮತ್ತೆ ಹೊಡೆದಾಟ. ಅಂಗಡಿ ಮುಂದೆ ಊರುಗೋಲಿನಲ್ಲಿ ಹೋಗುತ್ತಿದ್ದೆ. ಮೇಲಿನೂರಿನ ಕುಬಾತ್ ನನ್ನ ನಡಿಗೆ ಅಣಕಿಸಿದ — ಮಂಡಿಗೆ ಮಂಡಿ ಉಜ್ಜುತ್ತ, ಕಾಲು ಕತ್ತರಿ ಹಾಕಿಕೊಂಡು.
“ಏ ಟೊಪ್ಪಿ, ತೊಡೆ ಸಂದೀಲಿ ಏನ್ ಬಚ್ಚಿಟ್ಕೊಂಡಿದೀಯೋ?”
ಊರುಗೋಲು ಬೀಸಿದೆ. ಅವನ ಹಲ್ಲೊಂದು ಹೋಯಿತು. ನನ್ನ ಮೂಗು ಒಡೆಯಿತು. ಖುಷಿಯಾಯಿತು, ಸುಳ್ಳೇಕೆ.

ಟೊಪ್ಪಿ ಅನ್ನುವುದು ಯಾಕೆಂದರೆ — ಆರೂವರೆ ತಿಂಗಳಿಗೇ ಹುಟ್ಟಿದವನು. ಆ ಚಳಿಗಾಲ ಆಸ್ಪತ್ರೆಯಲ್ಲಿ ಕರೆಂಟ್ ಇರಲಿಲ್ಲ. ಅಜ್ಜಿ ಮನೆಗೆ ತಂದು, ಅಜ್ಜನ ನರಿತುಪ್ಪಳದ ಟೊಪ್ಪಿಯೊಳಗಿಟ್ಟು, ಒಲೆ ಪಕ್ಕದ ಗೂಟಕ್ಕೆ ತೂಗುಹಾಕಿದಳು. ಹಿಂದಿನವರು ಹಾಗೇ ಮಾಡುತ್ತಿದ್ದರಂತೆ. ಬದುಕಿದೆ. ಮಿದುಳಲ್ಲಿ ಕಾಲಿನ ದಾರಿ ಮಾತ್ರ ಆಗಲೇ ಕೆಟ್ಟಿತ್ತು ಅಂತ ಡಾಕ್ಟರು ಆಮೇಲೆ ಹೇಳಿದರು.

ಮಾರ್ಚ್ 5
ಅಣ್ಣ ತಲಾಯ್ ನಮ್ಮೂರ ಕೋಕ್‌ಬೋರು ತಂಡದ ನಾಯಕ — ಕುದುರೆ ಮೇಲೆ ಕೂತು ಹೋತದ ಹೆಣಕ್ಕೆ ಕಿತ್ತಾಡುವ ಆಟ ಅದು. ತಮಾಷೆಗೆಂದು ನನ್ನನ್ನು ಕುದುರೆ ಹತ್ತಿಸಿ, ತಲೆ ಕಡಿದ ಹೋತವನ್ನು ತೊಡೆಯಡಿ ಸಿಕ್ಕಿಸಿದ. ಮೂವರು ಸವಾರರು ಎಳೆದರು. ಬರಲಿಲ್ಲ.
“ಕಾಲಲ್ಲ ಕಣ್ರೋ ಇದು, ಇಕ್ಕಳ,” ಅಂದ ತಲಾಯ್. ನಗು ನಿಂತಿತ್ತು. “ನೌರುಜ್ ಹಬ್ಬದ ದಿನ ಮೇಲಿನೂರಿನವರ ಮೇಲೆ ಆಡ್ತೀಯೇನೋ?”
ಹದಿನೆಂಟು ವರ್ಷದಲ್ಲಿ ಯಾರೂ ನನ್ನನ್ನು ಯಾವುದಕ್ಕೂ ಕರೆದಿರಲಿಲ್ಲ.

ಮಾರ್ಚ್ 11
ಹಿಡಿಯಬಲ್ಲೆ. ಬಿಡಲಾರೆ.
ಮೈದಾನದ ತುದಿಯ ಕಝಾನ್ — ನಡುವೆ ಹೊಂಡವಿರುವ ದುಂಡು ಕಟ್ಟೆ — ಹತ್ತಿರ ಹೋಗಿ ಹೋತವನ್ನು ಅದರೊಳಗೆ ಎಸೆಯಬೇಕು. ಕಾಲು ಬಿಟ್ಟರೆ ತಾನೆ? ತಲಾಯ್ ಕೂಗಿದಷ್ಟೂ ಬಿಗಿಯುತ್ತದೆ. ಸಾಲದ್ದಕ್ಕೆ ಕೆಳಗಿನದು ನನ್ನ ಕಣ್ಣಿಗೆ ಕಾಣುವುದಿಲ್ಲ. ಅದೂ ಹುಟ್ಟಿನಿಂದ ಬಂದದ್ದು. ಮೆಟ್ಟಿಲು, ಕಲ್ಲು, ಈಗ ಆ ಕಟ್ಟೆ...
ತಲಾಯ್ ಚಾವಟಿಯಿಂದ ತೊಡೆಗೆ ಬಾರಿಸಿದ. “ಬಿಡೋ, ನಾಯಿ!”
“ನಾನಲ್ಲ, ಅದು ಬಿಡ್ತಿಲ್ಲ!”
ಮತ್ತೆ ಬಾರಿಸಿದ. ಚರ್ಮ ಕಿತ್ತು ಬಂತು. ಕಾಲು ಇನ್ನೂ ಬಿಗಿಯಿತು. ಎಸೆಯಲು ಬರದಿದ್ದರೆ ಜಾಗ ಬೇರೆಯವನಿಗೆ ಅಂದ.

ಮಾರ್ಚ್ 14
ಅಜ್ಜಿ ಬಾಸುಂಡೆ ನೋಡಿದಳು. ಒಲೆಯ ಕಬ್ಬಿಣದ ಸಲಾಕೆ ಹಿಡಿದು ತಲಾಯ್‌ನನ್ನು ಅಂಗಳದ ತುಂಬ ಅಟ್ಟಿದಳು. ಅವನ ಮೊಣಕೈ ಊದಿದೆ.
ಆಮೇಲೆ ನನ್ನ ಸರದಿ. ಟೊಪ್ಪಿ ಅನ್ನದೆ ಹೆಸರು ಹಿಡಿದೇ ಕರೆದಳು. “ತೊಕ್ತೊ, ಹೋಗ್ಬೇಡ. ಇದಕ್ಕಾ ನಿನ್ನ ಉಳಿಸಿದ್ದು?”
“ಉಳಿಸಿ ಏನ್ಮಾಡಿದೆ ಅಜ್ಜಿ? ಗೂಟಕ್ಕೆ ನೇತಾಕಿದೆ. ಇನ್ನೂ ಅಲ್ಲೇ ನೇತಾಡ್ತಿದೀನಿ.”
ಕೆನ್ನೆಗೆ ಬಿಟ್ಟಳು. ಕಿವಿ ಗುಂಯ್ ಅಂತು. ನಂತರ ಚಹಾ ಕೊಟ್ಟಳು, ಬೆಣ್ಣೆ ಹಾಕಿ.

ಮಾರ್ಚ್ 21, ಬೆಳಿಗ್ಗೆ
ಬದಲಿಗೆ ಯಾರೂ ಸಿಗಲಿಲ್ಲ. ಆಡುತ್ತೇನೆ. ಅಜ್ಜಿ ಅಜ್ಜನ ಟೊಪ್ಪಿಯನ್ನು ನನ್ನ ಮಡಿಲಿಗೆ ಎಸೆದಳು.

ಮಾರ್ಚ್ 24
ಆಸ್ಪತ್ರೆ.
ಆಟ ಸಮ ಸಮ ನಡೆದಿತ್ತು. ಕೊನೆಯ ಸುತ್ತಿನಲ್ಲಿ ಹೋತ ನನ್ನ ತೊಡೆಯಡಿ ಬಂತು. ನಾಲ್ವರು ಮುತ್ತಿದರು. ಕುಬಾತ್ ಚಾವಟಿಯಿಂದ ಮುಖಕ್ಕೆ ಹೊಡೆದ — ಕಿವಿ ಹರಿಯಿತು, ಬಾಯಲ್ಲಿ ರಕ್ತ. ಹೋತ ಹಿಡಿದಿದ್ದ ಅವನ ಕೈ ಕಚ್ಚಿದೆ. ಬಿಟ್ಟ.
ಕಝಾನ್ ಬಂತು. ತಲಾಯ್ ಕಿರುಚಿದ, “ಎಸಿಯೋ!” ಕಾಲು ಬಿಡಲಿಲ್ಲ. ಹಾಗಾದರೆ ಇಬ್ಬರೂ ಹೋಗೋಣ ಅಂದೆ ಕಾಲಿಗೆ. ಲಗಾಮು ಬಿಟ್ಟೆ. ಕಟ್ಟೆ ಇರಬೇಕಾದ ಕಡೆಗೆ ಮೈ ಎಸೆದೆ.
ಹೋತದ ಜೊತೆ ಒಳಗೆ ಬಿದ್ದೆ. ಕುಬಾತ್‌ನ ಕುದುರೆ ನನ್ನ ಮೇಲೆ ಬಿತ್ತು. ತೊಡೆಯ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು.
ಅಂಕ ಕೊಟ್ಟರು. ಗೆದ್ದೆವು. ಹೋತದ ಚರ್ಮ ಚಾಕುವಿನಿಂದ ಸೀಳಿ ನನ್ನನ್ನು ಬಿಡಿಸಿದರು. ತಲಾಯ್ ಗೊಳೋ ಅಂತ ಅಳುತ್ತಿದ್ದ, ದಡ್ಡ.
ಇನ್ನು ಕುದುರೆ ಹತ್ತುವ ಹಾಗಿಲ್ಲವಂತೆ.

ಮಾರ್ಚ್ 25
ಆಪರೇಷನ್ ಆಯಿತು. ಟೊಪ್ಪಿಯ ರಕ್ತ ತೊಳೆದು ಅಜ್ಜಿ ಕಿಟಕಿಯ ಮೊಳೆಗೆ ತೂಗುಹಾಕಿದ್ದಾಳೆ. “ನೋಡ್ಕೊ,” ಅಂದಳು, “ಖಾಲಿ.”
ಡಾಕ್ಟರು ಒಂದು ಮಾತು ಹೇಳಿದರು. ಅರಿವಳಿಕೆ ಕೊಟ್ಟಾಗ ಎರಡು ಕಾಲೂ ಸಡಿಲವಾದವಂತೆ. ಮಂಡಿಗಳು ತಾವೇ ಅಗಲವಾಗಿ ಬಿದ್ದುವಂತೆ, ಮಲಗಿದ ಮಗುವಿನ ಹಾಗೆ. ನರ್ಸ್ ನೋಡಿದಳು. ಕಸ ಗುಡಿಸುವವಳೂ ನೋಡಿದಳು. ನಾನೊಬ್ಬನೇ ನೋಡಲಿಲ್ಲ. ಹೊಟ್ಟೆ ಉರಿಯುತ್ತದೆ.

ಮಧ್ಯಾಹ್ನ
ಮದ್ದು ಇಳಿಯುತ್ತಿದೆ. ಬೆರಳು ಆಡುತ್ತಿವೆ. ಕಾಲಿಗೆ ನೆನಪಾಗುತ್ತಿದೆ — ಬಿಗಿಯುತ್ತಿದೆ, ಮುರಿದ ಮೂಳೆಯ ಮೇಲೇ. ಅಜ್ಜಿ ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಾಳೆ. ಬಿಡಬೇಡ ಅಜ್ಜಿ ಅಂದೆ. ಅವಳು ಬಿಡಲಿಲ್ಲ.