ಬಾಯಿ ಮುಚ್ಚಿದ ಹುಡುಗಿಯ ಚಿತ್ರ

ನಮವಾಲೆ ಗುಡ್ಡ, ಎಂಬಾಲೆ
15 ಅಕ್ಟೋಬರ್ 2009, ಗುರುವಾರ

ಪ್ರೀತಿಯ ಯೂನಿಯಾ ಅಕ್ಕನಿಗೆ,

ಶಾಲೋಮ್. ಈ ಮಾತು ನಿನಗೆ ಈಗ ಬೇಡವಾಗಿದ್ದರೆ ಬರೀ ನಮಸ್ಕಾರ ಎಂದು ಓದಿಕೋ.

ಅಮ್ಮ ಕ್ಷೇಮ. ಕಣ್ಣು ಪೂರಾ ಮಂಜಾಗಿದೆ, ಆದರೂ ಹುರುಳಿಕಾಯಿ ಬೀಜದ ರಾಶಿಯೊಳಗಿನ ಕಲ್ಲನ್ನು ಬೆರಳಲ್ಲೇ ಹುಡುಕಿ ತೆಗೆಯುತ್ತಾಳೆ. ಪರ್ಣಶಾಲೆ ಹಬ್ಬ ಹೋದ ವಾರ ಮುಗಿಯಿತು. ಅಂಗಳದ ಗುಡಿಸಲಿಗೆ ಹೊದಿಸಿದ್ದ ಬಾಳೆಲೆ ಒಣಗಿ, ಗಾಳಿ ಬಂದಾಗಲೆಲ್ಲ ಯಾರೋ ನಡೆದಾಡಿದ ಸದ್ದು ಮಾಡುತ್ತಿದೆ. ಬಿಚ್ಚಲು ಮನಸ್ಸಾಗಿಲ್ಲ.

ನಿನ್ನ ಕಾಗದ ಬಂತು. ಮೂರು ವರ್ಷದ ಮೇಲೆ ಬಂದ ಕಾಗದ, ಮೂರೇ ಸಾಲು. ‘ನೀನು ಮಕ್ಕಳಿಗೆ ಚಿತ್ರದ ಪುಸ್ತಕ ಮಾಡಿದ್ದೀಯಂತೆ. ಅದನ್ನು ಒಲೆಗೆ ಹಾಕು. ಎಳೆ ಮಕ್ಕಳ ಬಾಯಿಗೆ ಬೀಗವಿಲ್ಲ, ಮಿರಿಕಾಳನ್ನು ಮರೆತೆಯಾ?’ ಕಾಫಿ ಒಣಹಾಕಿದ ಚಾಪೆಯ ಪಕ್ಕ ನಿಂತೇ ಓದಿದೆ. ಅಮ್ಮ ಒಳಗಿನಿಂದ, “ಯಾರದೇ ಕಾಗದ?” ಅಂದಳು. ಶಾಲೆಯದ್ದು ಅಂದುಬಿಟ್ಟೆ.

ಪುಸ್ತಕ ಹುಟ್ಟಿದ್ದು ಹೇಗೆಂದು ಮೊದಲು ಹೇಳುತ್ತೇನೆ. ಹೋದ ವರ್ಷ ಕಡಲಾಚೆಯ ನಮ್ಮ ಧರ್ಮದವರು ಶಿಶುವಿಹಾರಕ್ಕೆ ಒಂದು ಪೆಟ್ಟಿಗೆ ತುಂಬ ಚಿತ್ರಪುಸ್ತಕ ಕಳಿಸಿದರು. ಶುಕ್ರವಾರ ಸಂಜೆಯ ಸಬ್ಬತ್ತಿನ ದೀಪ, ಜಡೆಯಂತೆ ಹೆಣೆದ ರೊಟ್ಟಿ, ಪಸ್ಕಹಬ್ಬದ ಊಟ, ಎಲ್ಲ ಬಣ್ಣಬಣ್ಣದಲ್ಲಿ. ಮಕ್ಕಳು ಪುಟಕ್ಕೆ ಮೂಗು ಒತ್ತಿ ನೋಡಿದರು. ನಾಲ್ಕು ವರ್ಷದ ಶಿಫ್ರಾ ಇದ್ದಾಳೆ, ಪಕ್ಕದ ಮನೆಯವಳು, ಅವಳು ಕೇಳಿದಳು: “ಟೀಚರಮ್ಮಾ, ಇವ್ರ ಮನೆ ಮೇಲೆಲ್ಲ ಯಾಕೆ ಉಪ್ಪು ಸುರ್ದಿದಾರೆ?”

“ಅದು ಉಪ್ಪಲ್ಲ ಕಣೇ, ಹಿಮ.”

“ನಮ್ಮನೆ ಮೇಲೆ ಬಿದ್ದೇ ಇಲ್ವಲ್ಲ. ಹಂಗಾದ್ರೆ ನಾವು ಯೆಹೂದ್ಯರಲ್ವಾ?”

ಉಳಿದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಯೆಹೂದ್ಯ ಎಂಬ ಆ ಒಂದು ಮಾತಿಗಾಗಿ ಅಪ್ಪ ಏನು ತೆತ್ತನೆಂದು ಈ ಮಗುವಿಗೆ ಗೊತ್ತಿಲ್ಲ. ಅವತ್ತೇ ಬಣ್ಣದ ಪೆನ್ಸಿಲ್ ಹಿಡಿದೆ. ನಮ್ಮ ಗುಡ್ಡ, ನಮ್ಮ ಬಾಳೆತೋಟ, ಕೆಂಪು ಮಣ್ಣಿನ ಗೋಡೆ, ತಗಡಿನ ಮಾಡಿನ ಪ್ರಾರ್ಥನಾ ಮಂದಿರ. ನಮ್ಮಂಥ ಕಪ್ಪು ಮುಖಗಳು ದೀಪದ ಸುತ್ತ. ಏಳು ಪುಟ. ಮೊದಲ ಸಲ ತೋರಿಸಿದ ದಿನ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು, “ಇದು ನಮ್ಮಜ್ಜಿ!”, “ಇದು ನಮ್ಮ ಮೇಕೆ!” ಎಂದು ಕೂಗಿದರು.

ಆಮೇಲೆ ಶಿಫ್ರಾ ಸಬ್ಬತ್ತಿನ ಪುಟದ ಮೇಲೆ ಬೆರಳಿಟ್ಟಳು. “ಟೀಚರಮ್ಮಾ, ಎಲ್ರೂ ಹಾಡ್ತಿದಾರೆ. ಈ ಹುಡುಗಿ ಯಾಕೆ ಬಾಯಿ ಮುಚ್ಕೊಂಡಿದಾಳೆ?”

ಅಕ್ಕ, ನಾನು ಅಂಥ ಹುಡುಗಿಯನ್ನು ಬರೆದ ನೆನಪೇ ನನಗಿಲ್ಲ. ಬೆಂಚಿನ ತುದಿಯಲ್ಲಿ ಕೂತಿದ್ದಳು, ಸೆರಗಿನಂಥ ಬಟ್ಟೆಯ ಚೂರನ್ನು ಮುಷ್ಟಿಯಲ್ಲಿ ಹಿಡಿದು. ಪುಟ ತಿರುವಿದೆ. ಪರ್ಣಶಾಲೆಯ ಮೂಲೆಯಲ್ಲಿ ಅವಳೇ. ಪಸ್ಕದ ಊಟದಲ್ಲಿ ಅವಳೇ. ಏಳರಲ್ಲಿ ಐದು ಪುಟದಲ್ಲಿದ್ದಾಳೆ, ಎಲ್ಲ ಕಡೆಯೂ ತುಟಿ ಬಿಗಿದು. ಬರೆದದ್ದು ನನ್ನ ಕೈಯೇ, ಸಂದೇಹವಿಲ್ಲ. ಈಗ ಮಕ್ಕಳು ಶುಕ್ರವಾರ ರೊಟ್ಟಿ ಹಂಚುವಾಗ ಅವಳಿಗೂ ಒಂದು ಚೂರು ಎತ್ತಿಡುತ್ತಾರೆ. ನಾನು ಹೇಳಿಕೊಟ್ಟದ್ದಲ್ಲ.

ಮಿರಿಕಾಳನ್ನು ಮರೆತೆಯಾ ಎಂದು ಕೇಳಿದೆಯಲ್ಲ. ಮರೆತಿಲ್ಲ.

ನಮ್ಮ ಪ್ರಾರ್ಥನೆಗೆ ಸರ್ಕಾರದ ನಿಷೇಧ ಬಂದಿದ್ದ ಕಾಲ. ಅಪ್ಪ ಪ್ರಾರ್ಥನೆಯ ಪುಸ್ತಕಗಳನ್ನು ಮಡಕೆಗೆ ತುಂಬಿ ಮೇಕೆ ಕೊಟ್ಟಿಗೆಯ ಕೆಳಗೆ ಹೂತ. ನಿನಗೆ ಹದಿನೈದು, ನನಗೆ ಒಂಬತ್ತು, ನಮ್ಮ ಪುಟ್ಟ ತಂಗಿ ಮಿರಿಕಾಗೆ ಐದು. ಮಕ್ಕಳಿಗೆ ಹೇಳಿಕೊಡಲು ಏನೂ ಉಳಿಯಲಿಲ್ಲವೆಂದು ಅಪ್ಪ ಒಂದು ಶಾಲೆಯ ನೋಟ್‌ಬುಕ್ ತಂದು ಇದ್ದಿಲಲ್ಲಿ ಚಿತ್ರ ಬರೆದ. ಎರಡು ದೀಪ. ಹೆಣೆದ ರೊಟ್ಟಿ. ಬಾಳೆಲೆಯ ಗುಡಿಸಲು. ಒಂದೇ ಒಂದು ಅಕ್ಷರವಿಲ್ಲ. “ಅಕ್ಷರ ಇದ್ರೆ ತಾನೆ ಸಿಕ್ಕಿಹಾಕ್ಕೊಳ್ಳೋದು? ಇದು ಮಕ್ಕಳು ಗೀಚಿದ್ದು ಅಂದ್ರೆ ಆಯ್ತು” ಎಂದು ನಗುತ್ತಿದ್ದ. ಶುಕ್ರವಾರ ಹೊತ್ತು ಇಳಿಯುವಾಗ ಬಾಗಿಲು ಹಾಕಿ ನಮ್ಮನ್ನು ತೊಡೆಗೆ ಒತ್ತಿ ಕೂರಿಸಿಕೊಂಡು ಒಂದೊಂದೇ ಪುಟ ತಿರುವುತ್ತಿದ್ದ. ಮಿರಿಕಾ ದೀಪದ ಪುಟ ಬಂದ ಕೂಡಲೇ ಹಾಡು ಶುರು ಮಾಡುತ್ತಿದ್ದಳು. ಅಮ್ಮ ಅವಳ ಬಾಯಿಗೆ ಕೈಯಿಟ್ಟು, “ಮೆಲ್ಲಗೆ ಮಗಾ, ಮೆಲ್ಲಗೆ” ಅನ್ನುತ್ತಿದ್ದಳು.

ಒಂದು ಸೋಮವಾರ ನೀರಿನ ಒರತೆಯ ಹತ್ತಿರ ಮಿರಿಕಾ ಆ ಹಾಡನ್ನು ಗಟ್ಟಿಯಾಗಿ ಹಾಡಿದಳು. ಊರಿನ ಮುಖ್ಯಸ್ಥನ ಹೆಂಡತಿ ಅಲ್ಲೇ ಬಟ್ಟೆ ಒಗೆಯುತ್ತಿದ್ದಳು. ಮಾರನೆಯ ದಿನ ಸೈನಿಕರು ಬಂದರು, ನೋಟ್‌ಬುಕ್ ತೆಗೆದರು, ಅಪ್ಪನನ್ನು ಲಾರಿಗೆ ಹತ್ತಿಸಿದರು. ಲಾರಿ ಗುಡ್ಡ ಇಳಿಯುವ ಮೊದಲೇ ನೀನು ಮಿರಿಕಾಳ ಕೆನ್ನೆಗೆ ಬಾರಿಸಿ, “ನಿನ್ನ ಬಾಯಿ ನಮ್ಮಪ್ಪನ್ನ ತಿಂತು” ಅಂದೆ. ನಿನ್ನನ್ನು ತಪ್ಪೆನ್ನುತ್ತಿಲ್ಲ. ಆ ದಿನ ಎಲ್ಲರೂ ಅದನ್ನೇ ಅಂದುಕೊಂಡರು.

ಆಮೇಲೆ ಅವಳು ಮಾತಾಡಲಿಲ್ಲ. ಅಮ್ಮನ ಹಳೆ ಬಟ್ಟೆಯ ಚೂರೊಂದನ್ನು ತಾನೇ ಬಾಯಿಗೆ ತುರುಕಿಕೊಂಡು ಮಲಗುತ್ತಿದ್ದಳು. ಅಪ್ಪ ಹನ್ನೊಂದು ದಿನಕ್ಕೆ ಬಿಡುಗಡೆಯಾದ, ಬಲಗೈಯ ನಾಲ್ಕು ಬೆರಳು ಮುರಿದು. ಮತ್ತೆ ಹಿಡಿದಾರೆಂದು ದೊಡ್ಡಪ್ಪನ ಊರಿನಲ್ಲಿ ಅಡಗಿಸಿಟ್ಟರು. ಇಲ್ಲಿ ಮಿರಿಕಾ ಹೇಗಾಗಿದ್ದಾಳೆಂದು ಅವನಿಗೆ ಯಾರೂ ತಿಳಿಸಲಿಲ್ಲ. ನಾಲ್ಕು ತಿಂಗಳಿಗೆ ದಡಾರ ಬಂತು. ಮೈ ಕೆಂಡವಾಗಿದ್ದರೂ ಅವಳು ನೀರು ಬೇಕೆಂದು ಬಾಯಿ ಬಿಟ್ಟು ಕೇಳಲಿಲ್ಲ. ಅಪ್ಪ ಮನೆಗೆ ಬಂದದ್ದು ಅವಳ ಮಣ್ಣಿಗೆ. ನೀನು ಮುಂದಿನ ವರ್ಷ ಮದುವೆಯಾಗಿ ಜಿಂಜಾ ಪಟ್ಟಣಕ್ಕೆ ಹೋದೆ, ಚರ್ಚಿಗೆ ಸೇರಿದೆ, ನಿನ್ನ ಮಕ್ಕಳಿಗೆ ನಮ್ಮ ಒಂದು ಹಾಡನ್ನೂ ಕಲಿಸಲಿಲ್ಲ. ಯಾಕೆಂದು ನನಗೆ ಗೊತ್ತು. ಹೊಡೆದ ಕೈ ನಿನ್ನದು ಎಂದುಕೊಂಡೇ ಮೂವತ್ತೈದು ವರ್ಷ ಬದುಕಿದ್ದೀಯ.

ಈಗ ಒಂದು ಪ್ರಶ್ನೆ ಕೇಳುತ್ತೇನೆ. ಹಾಡು ಕೇಳಿ ಬಂದ ಸೈನಿಕರು ಮನೆಯೊಳಗೆ ಕಾಲಿಡದೆ ನೇರವಾಗಿ ರಾಗಿ ಕಣಜಕ್ಕೆ ಯಾಕೆ ಹೋದರು? ನೋಟ್‌ಬುಕ್ ಅಲ್ಲಿರುವುದು ಮಿರಿಕಾಗೆ ಗೊತ್ತಿರಲಿಲ್ಲ. ನಿನಗೂ ಗೊತ್ತಿರಲಿಲ್ಲ. ಕಣಜದ ಬಾಯೊಳಗೆ ಇಳಿಯುವಷ್ಟು ಸಣ್ಣ ಮೈ ನನ್ನದೆಂದು ಅಪ್ಪ ನನ್ನ ಕೈಲೇ ಅದನ್ನು ಇಡಿಸುತ್ತಿದ್ದ.

ಮಿರಿಕಾ ಹಾಡಿದ ಆ ಸೋಮವಾರದ ಹಿಂದಿನ ಶುಕ್ರವಾರ ಶಾಲೆಯಲ್ಲಿ ಮೇಷ್ಟ್ರು ಸ್ಲೇಟಿನ ಮೇಲೆ ನಿಮ್ಮ ನಿಮ್ಮ ಮನೆ ಬರೆಯಿರಿ ಅಂದರು. ಎಲ್ಲರೂ ಗುಡಿಸಲು, ಕೋಳಿ ಬರೆದರು. ನಾನು ಅಪ್ಪನ ಪುಟವನ್ನೇ ಇಳಿಸಿದೆ. ಎರಡು ದೀಪ, ಹೆಣೆದ ರೊಟ್ಟಿ, ತಲೆಗೆ ಬಟ್ಟೆ ಹೊದ್ದ ಅಪ್ಪ. ಮೇಷ್ಟ್ರು ಸ್ಲೇಟನ್ನು ಎತ್ತಿ ಇಡೀ ತರಗತಿಗೆ ತೋರಿಸಿದರು. “ಎಷ್ಟು ಚೆಂದ ಬರ್ದಿದೀಯ! ಎಲ್ಲಿ ಕಲ್ತೆ ಇದನ್ನ?”

ಅಕ್ಕ, ಊರವರೆಲ್ಲ ನಿನ್ನ ರೂಪ ಹೊಗಳುತ್ತಿದ್ದರು, ಮಿರಿಕಾಳ ಕಂಠ ಹೊಗಳುತ್ತಿದ್ದರು. ನನ್ನನ್ನು ಅಲ್ಲಿಯವರೆಗೆ ಯಾರೂ ಯಾವುದಕ್ಕೂ ಚೆಂದ ಅಂದಿರಲಿಲ್ಲ. ನಾನು ಎದ್ದು ನಿಂತು, “ನಮ್ಮಪ್ಪನ ಪುಸ್ತಕದಲ್ಲಿದೆ. ರಾಗಿ ಕಣಜದೊಳಗಿದೆ” ಅಂದೆ.

ಮೇಷ್ಟ್ರು ಸ್ಲೇಟನ್ನು ತಮ್ಮ ಮೇಜಿನೊಳಗೆ ಇಟ್ಟುಕೊಂಡರು. ಯಾರಿಗೆ ಹೇಳಿದರು, ಬೇಕೆಂದೇ ಹೇಳಿದರೋ ಹೆದರಿ ಹೇಳಿದರೋ, ನನಗೆ ತಿಳಿಯದು. ಸೈನಿಕರು ಕಣಜದ ಮುಚ್ಚಳ ತೆಗೆದ ಕ್ಷಣ ನನಗೆ ಎಲ್ಲ ತಿಳಿಯಿತು. ನೀನು ಮಿರಿಕಾಗೆ ಹೊಡೆದಾಗ ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ನಾಲ್ಕು ತಿಂಗಳೂ ಹಾಗೇ ಅಂದುಕೊಂಡೆ.

ಅಪ್ಪನಿಗೆ ಗೊತ್ತಿತ್ತು. ಅವನು ತೀರಿಕೊಳ್ಳುವ ವರ್ಷ, ಅಮ್ಮ ತೋಟಕ್ಕೆ ಹೋಗಿದ್ದಾಗ, ನನ್ನ ಕೈಗೆ ಇದ್ದಿಲು ಕೊಟ್ಟು, “ದೀಪ ಬರಿ. ಸ್ಲೇಟಿನ ಮೇಲೆ ಬರ್ದಿದ್ಯಲ್ಲ, ಹಂಗೇ” ಅಂದ. ಇದ್ದಿಲನ್ನು ಕೆಳಗಿಟ್ಟುಬಿಟ್ಟೆ. ಸೆರೆಯಲ್ಲಿ ಸೈನಿಕರು ಆ ಸ್ಲೇಟನ್ನು ಅವನ ಮುಂದಿಟ್ಟು ಇದನ್ನು ಬರೆದದ್ದು ಯಾರ ಕೈ ಎಂದು ಕೇಳಿದ್ದರಂತೆ. “ನೀ ಏನಂದೆ ಅಪ್ಪಾ?” ಅಂದೆ.

“ನಂದೇ ಅಂದೆ. ಅದಕ್ಕೇ ಅಲ್ವಾ ಅವ್ರು ಈ ಕೈ ಮುರ್ದಿದ್ದು.”

ನಾನು ಅಳುತ್ತಾ ಮಿರಿಕಾಳ ಹೆಸರು ಹೇಳಿದೆ. ಊರೆಲ್ಲ ಅವಳನ್ನೇ ದೂರಿದ್ದು ಅವನಿಗೆ ತಿಳಿದದ್ದು ಆಗಲೇ. ಗೋಡೆಗೆ ತಿರುಗಿ ಮಲಗಿದ. ಆ ಕಡೆ ತಿರುಗಿಯೇ, “ಅಮ್ಮನಿಗೆ ಹೇಳ್ಬೇಡ. ಇನ್ನೊಂದು ಮಗೂನ ಅವಳು ಕಳ್ಕೊಳ್ಳೋದು ಬೇಡ” ಅಂದ. ಆ ಮಾತಿನ ಹಿಂದೆ ಇಷ್ಟು ವರ್ಷ ಬಚ್ಚಿಟ್ಟುಕೊಂಡೆ. ಒಳ್ಳೆಯ ಮಗಳು, ಅಪ್ಪನ ಮಾತು ಉಳಿಸಿಕೊಂಡಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಊರಿಗೆ ಬರಲಾರೆ ಎಂದ ಪ್ರತಿ ಸಲವೂ, ನನ್ನೊಳಗೆ ಎಲ್ಲೋ ನೆಮ್ಮದಿಯಾಗುತ್ತಿತ್ತು. ಅದನ್ನೂ ಬರೆದುಬಿಡುತ್ತೇನೆ.

ಆದ್ದರಿಂದ ಅಕ್ಕ, ಮಕ್ಕಳ ಬಾಯಿಗೆ ಬೀಗವಿಲ್ಲ ಎಂದು ಹೆದರಬೇಡ. ಮಿರಿಕಾ ಹಾಡಿದ್ದರಿಂದ ಏನೂ ಆಗಲಿಲ್ಲ. ಅವಳು ಬರೀ ಹಾಡಿದಳು. ಪುಸ್ತಕವನ್ನು ನಾನು ಸುಡುವುದಿಲ್ಲ. ಇನ್ನು ಅಮ್ಮನಿಗೆ ಹೇಳಬೇಕು. ಹೇಳಿದ ಮೇಲೆಯೇ ಈ ಕಾಗದ ಅಂಚೆಗೆ ಹಾಕುತ್ತೇನೆ, ಇಲ್ಲದಿದ್ದರೆ ಇದೂ ನಾಳೆ ನಾಳೆ ಎಂದೇ ಉಳಿದೀತು. ಕ್ಷಮಿಸು ಎಂದು ಕೇಳುವ ಧೈರ್ಯ ನನಗಿಲ್ಲ. ನಿನ್ನ ಕೈಯನ್ನಾದರೂ ನೀನು ಕ್ಷಮಿಸಿಬಿಡು.

ನಿನ್ನ ತಂಗಿ,
ಕೆಟುರಾ ನಂಬೋಜೊ

ತಾ.ಕ.: ಇವತ್ತು ಸೋಮವಾರ. ಶುಕ್ರವಾರ ರಾತ್ರಿ ಸಬ್ಬತ್ತಿನ ಊಟವಾದ ಮೇಲೆ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿ ಅವಳು ಒಂದೇ ಮಾತು ಕೇಳಿದಳು: “ಅಂದ್ರೆ ಮಗು ಏನೂ ಮಾಡಿರ್ಲಿಲ್ಲ?” ಇಲ್ಲ ಅಂದೆ. ಅಷ್ಟೇ. ಅಲ್ಲಿಂದ ನನ್ನ ಜೊತೆ ಮಾತಿಲ್ಲ, ನನ್ನ ಕೈಯ ಅಡುಗೆ ಮುಟ್ಟುತ್ತಿಲ್ಲ, ಶಿಫ್ರಾಳ ಮನೆಯಲ್ಲಿ ಉಣ್ಣುತ್ತಾಳೆ. ಇಷ್ಟು ವರ್ಷ ಅವಳು ಬಾಯಿಗೆ ತಾರದ ಹೆಸರನ್ನು ಈಗ ಸಂಜೆಯಾದರೆ ಕರೆಯುತ್ತಾಳೆ. ಅಕ್ಕಪಕ್ಕದವರು ಮಕ್ಕಳನ್ನು ಆಟದಿಂದ ಕೂಗುವ ಹೊತ್ತಿಗೆ ಹೊಸಿಲ ಮೇಲೆ ಕೂತು, “ಮಿರಿಕಾ, ಬಾ ಮಗಾ, ಒಳಗೆ ಬಾ” ಅನ್ನುತ್ತಾಳೆ. ಬಾಗಿಲು ಹಾಕಲು ಬಿಡುವುದಿಲ್ಲ. ನಿನ್ನೆ ಶಿಫ್ರಾಳ ಬಾಯಲ್ಲಿ ನನಗೆ ಹೇಳಿಕಳಿಸಿದ್ದಾಳೆ: “ಯೂನಿಯಾ ಬರ್ಲಿ ಅಂತ ಬರಿ.” ಬಾ ಅಕ್ಕ. ನೀನು ಬರುವ ದಿನ ನಾನು ಮನೆಯಲ್ಲಿರಬೇಕೋ ಬೇಡವೋ, ಅದನ್ನು ಮಾತ್ರ ಮೊದಲೇ ತಿಳಿಸು.